ಕಾರ್ಡಿನ ಮೇಲೆ 170 ಎಂದಿದೆ, ಲ್ಯಾಪ್‌ಟಾಪ್‌ನಲ್ಲಿ 38 ಮಾತ್ರ ಬರುತ್ತಿದೆ: ಉಳಿದ ವೇಗ ಎಲ್ಲಿ ಹೋಗುತ್ತಿದೆ?

ಛಾಯಾಸಕ್ತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹವ್ಯಾಸಕ್ಕಾಗಿ ಹಕ್ಕಿಗಳ ಚಿತ್ರ ಮತ್ತು ವಿಡಿಯೋ ತೆಗೆಯುತ್ತೇನೆ. ಒಂದು ಬೆಳಗಿನ ಓಡಾಟ ಮುಗಿಯುವಷ್ಟರಲ್ಲಿ 64 ಜಿಬಿಯ ಮೆಮೊರಿ ಕಾರ್ಡ್ ಹೆಚ್ಚುಕಡಿಮೆ ತುಂಬಿರುತ್ತದೆ. ಅದನ್ನು ಲ್ಯಾಪ್‌ಟಾಪ್‌ನ ಬದಿಯಲ್ಲಿರುವ ಸ್ಲಾಟ್‌ಗೆ ಹಾಕಿ ಕಾಪಿ ಮಾಡಲು ಕೊಟ್ಟರೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಕಾಪಿ ಆಗುವಾಗ ತೆರೆಯ ಮೇಲೆ ಸೆಕೆಂಡಿಗೆ 36ರಿಂದ 38 ಎಂಬಿ ಎಂದು ತೋರಿಸುತ್ತದೆ, ಎಷ್ಟು ಹೊತ್ತು ನೋಡುತ್ತಾ ಕುಳಿತರೂ ಅದರಾಚೆ ಒಂದು ಅಂಕಿಯೂ ಏರುವುದಿಲ್ಲ.

ಮೊದಲು ನನ್ನ ಬಳಿ ಇದ್ದ ಕಾರ್ಡಿನ ಮೇಲೆ ಸೆಕೆಂಡಿಗೆ 95 ಎಂಬಿ ಎಂದು ಬರೆದಿತ್ತು. ನಿಧಾನಕ್ಕೆ ಆ ಕಾರ್ಡೇ ಕಾರಣವೆಂದು ತಿಳಿದು, 170 ಎಂಬಿ ಎಂದು ದಪ್ಪ ಅಕ್ಷರದಲ್ಲಿ ಬರೆದಿರುವ ಹೊಸ ಕಾರ್ಡ್ ಕೊಂಡೆ. ಅದರಲ್ಲೂ ಅದೇ 38 ಬರುತ್ತಿದೆ. ಹೊಸ ಕಾರ್ಡಿನ ಮೇಲೆ ಈ ಅಂಕಿಯಲ್ಲದೆ ಒಂದು ನೇರ ಗೀಟಿನಂತಿರುವ ರೋಮನ್ ಒಂದು, ಇಂಗ್ಲಿಷ್ ಯು ಅಕ್ಷರದೊಳಗೆ 3, ಪಕ್ಕದಲ್ಲಿ ವಿ30 ಮತ್ತು ಎ2 ಎಂಬ ಗುರುತುಗಳಿವೆ. ನನಗೆ ಸಿಕ್ಕಿರುವುದು ನಕಲಿ ಕಾರ್ಡೇ, ಅಥವಾ ಲ್ಯಾಪ್‌ಟಾಪ್‌ನ ಸ್ಲಾಟ್‌ನಲ್ಲಿ ದೋಷವಿದೆಯೇ? ಹೊರಗಿನಿಂದ ಜೋಡಿಸುವ ಕಾರ್ಡ್ ರೀಡರ್ ತೆಗೆದುಕೊಳ್ಳುವುದಾದರೆ ಅದರಲ್ಲಿ ಏನನ್ನು ನೋಡಬೇಕು? ಲ್ಯಾಪ್‌ಟಾಪ್‌ನ ಕೈಪಿಡಿಯಲ್ಲಿ ‘ಎಸ್‌ಡಿ ಕಾರ್ಡ್ ರೀಡರ್ ಇದೆ’ ಎಂಬುದಕ್ಕಿಂತ ಹೆಚ್ಚಿನ ವಿವರ ಸಿಗಲಿಲ್ಲ.

ಯಂತ್ರಮಿತ್ರ

ಕಾರ್ಡ್ ನಕಲಿ ಎಂದು ಈಗಲೇ ತೀರ್ಮಾನಿಸಬೇಡಿ. ನಿಮ್ಮ ಬರಹದಲ್ಲೇ ಒಂದು ಒಳ್ಳೆಯ ಸುಳಿವಿದೆ. ಬೇರೆ ಬೇರೆ ವೇಗದ ಎರಡು ಕಾರ್ಡುಗಳು ಒಂದೇ ಸ್ಲಾಟ್‌ನಲ್ಲಿ ಒಂದೇ ಅಂಕಿಗೆ ಬಂದು ನಿಲ್ಲುತ್ತಿವೆಯೆಂದರೆ ತಡೆ ಕಾರ್ಡಿನಲ್ಲಿಲ್ಲ, ಕಾರ್ಡಿನಿಂದ ಈಚೆಗೆ ಎಲ್ಲೋ ಇದೆ. ಮೇಲಾಗಿ 38 ಎಂಬ ಅಂಕಿ ಈ ವಿಷಯದಲ್ಲಿ ಕೆಲಸ ಮಾಡಿದವರಿಗೆ ತೀರಾ ಪರಿಚಿತವಾದದ್ದು. ಅದು ಯುಎಸ್‌ಬಿ 2.0ರ ಅಂಕಿ.

ಯುಎಸ್‌ಬಿ 2.0ರ ವೇಗವನ್ನು ಸೆಕೆಂಡಿಗೆ 480 ಮೆಗಾಬಿಟ್ ಎಂದು ಹೇಳುತ್ತಾರೆ. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದ್ದರಿಂದ ಅದು ಲೆಕ್ಕಕ್ಕೆ 60 ಮೆಗಾಬೈಟ್ ಆಗುತ್ತದೆ. ಆದರೆ ಮಾಹಿತಿಯ ಜೊತೆಗೆ ಸಾಗುವ ವಿಳಾಸ, ತಪಾಸಣೆ, ಒಪ್ಪಿಗೆಯ ಸಂದೇಶಗಳು ಮತ್ತು ನಡುವಿನ ಕಾಯುವಿಕೆ ಅದರಲ್ಲಿ ದೊಡ್ಡ ಪಾಲನ್ನು ತೆಗೆದುಕೊಳ್ಳುವುದರಿಂದ ನಮ್ಮ ಕೈಗೆ ಬರುವುದು 30ರಿಂದ 40ರವರೆಗೆ ಮಾತ್ರ. ಲ್ಯಾಪ್‌ಟಾಪ್‌ನ ಬದಿಯ ಸ್ಲಾಟ್ ನೇರವಾಗಿ ಪ್ರೊಸೆಸರ್‌ಗೆ ಸೇರಿರುವುದಿಲ್ಲ. ಅದರ ಹಿಂದೆ ಒಂದು ಸಣ್ಣ ಚಿಪ್ ಇರುತ್ತದೆ, ಆ ಚಿಪ್ ಮದರ್‌ಬೋರ್ಡ್‌ಗೆ ಯುಎಸ್‌ಬಿ ಮೂಲಕವೋ ಪಿಸಿಐ ಎಕ್ಸ್‌ಪ್ರೆಸ್ ಎಂಬ ಇನ್ನೂ ವೇಗದ ಒಳದಾರಿಯ ಮೂಲಕವೋ ಸೇರಿರುತ್ತದೆ. ಹೊರಗೆ ಕಾಣುವ ಯುಎಸ್‌ಬಿ ಪೋರ್ಟ್‌ಗಳೆಲ್ಲ 3.0 ಆಗಿದ್ದರೂ ಈ ಒಳಗಿನ ಚಿಪ್ಪನ್ನು 2.0 ದಾರಿಯಲ್ಲೇ ಜೋಡಿಸಿರುವ ಲ್ಯಾಪ್‌ಟಾಪ್‌ಗಳು ಎಷ್ಟೋ ಇವೆ. ಕೊಳ್ಳುವವರು ಇದನ್ನು ಕೇಳುವುದಿಲ್ಲವಾದ್ದರಿಂದ ತಯಾರಕರು ಹೇಳುವುದೂ ಇಲ್ಲ. ಇದು ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕೈಪಿಡಿಯಲ್ಲಿ ಒಂದು ಸಾಲು ಬರೆದಿದ್ದರೆ ನೀವು ಹೊಸ ಕಾರ್ಡಿಗೆ ಹಣ ಸುರಿಯುತ್ತಿರಲಿಲ್ಲ.

ನಿಮ್ಮದು ವಿಂಡೋಸ್ ಆಗಿದ್ದರೆ ಕಾರ್ಡನ್ನು ಸ್ಲಾಟ್‌ನಲ್ಲಿಟ್ಟು ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿಯ ವ್ಯೂ ಮೆನುವಿನಲ್ಲಿ ಸಾಧನಗಳನ್ನು ಸಂಪರ್ಕದ ಪ್ರಕಾರ ತೋರಿಸುವ ಆಯ್ಕೆಯಿದೆ. ಅದನ್ನು ಆರಿಸಿದರೆ ಯಾವುದು ಯಾವುದರ ಕೆಳಗೆ ಸೇರಿದೆ ಎಂಬುದು ಕೊಂಬೆಗಳ ಹಾಗೆ ಕಾಣುತ್ತದೆ. ಕಾರ್ಡ್ ರೀಡರ್ ಯುಎಸ್‌ಬಿ ಹಬ್ ಒಂದರ ಕೆಳಗೆ ಸಾಮಾನ್ಯ ಪೆನ್‌ಡ್ರೈವ್‌ನ ಹಾಗೆ ಕುಳಿತಿದ್ದರೆ ನನ್ನ ಊಹೆ ಸರಿ.

ಇನ್ನು 170ರ ವಿಷಯಕ್ಕೆ ಬರುತ್ತೇನೆ. ಬಹಳ ಜನ ಎಡವುವುದು ಇಲ್ಲಿಯೇ. ಕಾರ್ಡಿನ ಮೇಲಿರುವ ರೋಮನ್ ಒಂದು ಎಂದರೆ ಅದು ಯುಎಚ್‌ಎಸ್-1 (ಅಲ್ಟ್ರಾ ಹೈ ಸ್ಪೀಡ್) ದರ್ಜೆಯ ಕಾರ್ಡ್ ಎಂದರ್ಥ. ಈ ದರ್ಜೆ 2010ರಲ್ಲಿ ಬಂದದ್ದು. ಅದರಲ್ಲಿ ಮಾಹಿತಿ ಸಾಗುವುದು ನಾಲ್ಕು ಗೆರೆಗಳಲ್ಲಿ, ಗಡಿಯಾರದ ಮಿಡಿತ ಗರಿಷ್ಠ 208 ಮೆಗಾಹರ್ಟ್ಸ್. ಪ್ರತಿ ಮಿಡಿತಕ್ಕೆ ನಾಲ್ಕು ಬಿಟ್, ಅಂದರೆ ಅರ್ಧ ಬೈಟ್ ದಾಟುತ್ತದೆ. ಆದ್ದರಿಂದ ಈ ದರ್ಜೆಯ ಮಿತಿ ಸೆಕೆಂಡಿಗೆ 104 ಎಂಬಿ. ಹಾಗಾದರೆ 170 ಎಲ್ಲಿಂದ ಬಂತು? ಕೆಲವು ತಯಾರಕರು ಈ ಮಿತಿಯನ್ನು ಮೀರಿದ ತಮ್ಮದೇ ಒಂದು ವಿಧಾನವನ್ನು ಕಾರ್ಡಿನೊಳಗೆ ಸೇರಿಸಿದ್ದಾರೆ. ಆ ವಿಧಾನವನ್ನು ಬಲ್ಲ ರೀಡರ್‌ನಲ್ಲಿ ಹಾಕಿದಾಗ ಮಾತ್ರ ಕಾರ್ಡ್ ಆ ವೇಗಕ್ಕೆ ಏರುತ್ತದೆ, ಉಳಿದೆಲ್ಲ ರೀಡರ್‌ಗಳ ಜೊತೆ ಅದು ಸಾಮಾನ್ಯ ಯುಎಚ್‌ಎಸ್-1ರ ನಡವಳಿಕೆಗೆ ಇಳಿದು 85ರಿಂದ 95ರ ನಡುವೆ ಕೆಲಸ ಮಾಡುತ್ತದೆ. ಬರಹ ಸುಳ್ಳಲ್ಲ, ಆದರೆ ಅದರ ಷರತ್ತನ್ನು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ಇದನ್ನು ಬಿಟ್ಟರೆ, 170 ಎಂಬುದು ಓದುವ ವೇಗ. ಬರೆಯುವ ವೇಗ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ.

ಹೀಗಾಗಿ ಯುಎಸ್‌ಬಿ 3.0 ಇರುವ ಒಂದು ಸಾಮಾನ್ಯ ಯುಎಚ್‌ಎಸ್-1 ರೀಡರ್ ನಿಮಗೆ ಸಾಕು. ಅರ್ಧ ಗಂಟೆಯ ಕೆಲಸ ಹನ್ನೆರಡು ನಿಮಿಷದ ಆಸುಪಾಸಿಗೆ ಬರುತ್ತದೆ.

ಆಜ್ಞಾಸಾಲು

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಲಿನಕ್ಸ್ ಬಳಸುವವರಿಗೆ ಅನುಕೂಲವಾಗಲೆಂದು ಕೆಲವು ಮಾತು ಸೇರಿಸುತ್ತೇನೆ. ಕಾರ್ಡ್ ಹಾಕಿದಾಗ ಅದರ ಹೆಸರು ಎಂಎಂಸಿಬಿಎಲ್‌ಕೆ ಎಂದು ಶುರುವಾದರೆ ರೀಡರ್ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿದೆ, ಎಸ್‌ಡಿಬಿ, ಎಸ್‌ಡಿಸಿ ಎಂಬಂತೆ ಬಂದರೆ ಯುಎಸ್‌ಬಿ ದಾರಿಯಲ್ಲಿದೆ ಎಂದು ತಿಳಿಯಬಹುದು. ಯುಎಸ್‌ಬಿ ಆಗಿದ್ದಲ್ಲಿ ಎಲ್‌ಎಸ್‌ಯುಎಸ್‌ಬಿ ಆದೇಶಕ್ಕೆ ಸಣ್ಣ ಟಿ ಅಕ್ಷರದ ಆಯ್ಕೆ ಕೊಟ್ಟರೆ ಪ್ರತಿ ಸಾಧನದ ಸಾಲಿನ ಕೊನೆಗೆ ವೇಗ ಕಾಣುತ್ತದೆ. 480 ಎಂದಿದ್ದರೆ 2.0, 5000 ಎಂದಿದ್ದರೆ 3.0.

ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿರುವ ಒಳ್ಳೆಯ ರೀಡರ್ ಕೂಡ ಕೆಲವೊಮ್ಮೆ ನಿಧಾನವಾಗುತ್ತದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಂದೂ 88 ಬರುತ್ತಿದ್ದ ಕಾರ್ಡ್ ಒಂದು ದಿನ ಇದ್ದಕ್ಕಿದ್ದಂತೆ 22ಕ್ಕೆ ಇಳಿಯಿತು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ಸಂದೇಶಗಳನ್ನು ತೆಗೆದು ನೋಡಿದೆ. ಎಂದಿನಂತೆ ‘ಅಲ್ಟ್ರಾ ಹೈ ಸ್ಪೀಡ್ ಎಸ್‌ಡಿಆರ್104’ (ಮೇಲೆ ಹೇಳಿದ 104 ಎಂಬಿಯ ವಿಧಾನ) ಎಂದಿರಬೇಕಾದ ಸಾಲಿನಲ್ಲಿ ಬರೀ ‘ಹೈ ಸ್ಪೀಡ್’ ಎಂದಿತ್ತು. ಎಸ್‌ಡಿ ಕಾರ್ಡ್ ಎಚ್ಚರಗೊಳ್ಳುವಾಗ 3.3 ವೋಲ್ಟ್‌ನ ಸಂಕೇತಗಳಲ್ಲಿ ಮಾತು ಆರಂಭಿಸಿ, ಎರಡೂ ಕಡೆ ಒಪ್ಪಿಗೆಯಾದ ಮೇಲೆ 1.8 ವೋಲ್ಟ್‌ಗೆ ಬದಲಾಗುತ್ತದೆ, ಯುಎಚ್‌ಎಸ್-1ರ ಹೆಚ್ಚಿನ ವೇಗಗಳು ಈ ಬದಲಾವಣೆಯ ನಂತರವೇ ತೆರೆದುಕೊಳ್ಳುವುದು. ಆ ಹೆಜ್ಜೆ ವಿಫಲವಾದರೆ ಕಾರ್ಡ್ ಹಳೆಯ ಹೈ ಸ್ಪೀಡ್ ವಿಧಾನದಲ್ಲೇ ಉಳಿಯುತ್ತದೆ, ಅದರ ಮಿತಿ ಸೆಕೆಂಡಿಗೆ 25 ಎಂಬಿ. ಕಾರ್ಡ್ ತೆಗೆದು ತಿರುಗಿಸಿ ನೋಡಿದಾಗ ಹೊಂಬಣ್ಣದ ಪಟ್ಟಿಗಳ ಮೇಲೆ ಬೆರಳಿನ ಜಿಡ್ಡಿನ ಮಸುಕು ಪದರ ಕಂಡಿತು. ಒಣಗಿದ ಮೃದು ಬಟ್ಟೆಯಿಂದ ನಯವಾಗಿ ಒರೆಸಿ ಮತ್ತೆ ಹಾಕಿದೆ, ವೇಗ ಮೊದಲಿನಂತಾಯಿತು. ಆದ್ದರಿಂದ ನಿಮ್ಮ ಅಂಕಿ 20ರ ಆಸುಪಾಸಿನಲ್ಲಿದ್ದಿದ್ದರೆ ನಾನು ಮೊದಲು ಬಟ್ಟೆ ತೆಗೆದುಕೊಳ್ಳಿ ಎನ್ನುತ್ತಿದ್ದೆ. 38 ಎಂದಿರುವುದರಿಂದ ಯುಎಸ್‌ಬಿ 2.0 ಎಂಬ ಮಾತೇ ಹೆಚ್ಚು ಹೊಂದುತ್ತದೆ.

ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಸಾವಿರಾರು ಚಿಕ್ಕ ಫೈಲ್‌ಗಳಿರುವ ಫೋಲ್ಡರ್ ಅನ್ನು ಕಾಪಿ ಮಾಡಿ ವೇಗ ನಿರ್ಧರಿಸಬೇಡಿ. ಪ್ರತಿ ಫೈಲ್‌ಗೂ ತೆರೆಯುವ, ದಾಖಲಿಸುವ, ಮುಚ್ಚುವ ಕೆಲಸವಿರುವುದರಿಂದ ಎಷ್ಟೇ ಒಳ್ಳೆಯ ರೀಡರ್ ಆದರೂ ಅಲ್ಲಿ ಸೊರಗುತ್ತದೆ. ನಾಲ್ಕೈದು ಜಿಬಿಯ ಒಂದೇ ವಿಡಿಯೋ ಫೈಲ್ ತೆಗೆದುಕೊಳ್ಳಿ. ಅದೇ ಫೈಲನ್ನು ಎರಡನೇ ಸಲ ಕಾಪಿ ಮಾಡಿದಾಗ ಬರುವ ಅಂಕಿಯನ್ನು ನಂಬಬೇಡಿ, ಅದರ ಒಂದು ಭಾಗ ಆಗಲೇ ಕಂಪ್ಯೂಟರಿನ ಮೆಮೊರಿಯಲ್ಲಿ ಕುಳಿತಿರಬಹುದು.

ಛಾಯಾಸಕ್ತ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಿದೆ. ರೀಡರ್ ಯುಎಸ್‌ಬಿ ಹಬ್‌ನ ಕೆಳಗೇ ಇದೆ, ವೆಬ್‌ಕ್ಯಾಮ್ ಕೂಡ ಅದೇ ಕೊಂಬೆಯಲ್ಲಿದೆ. ಗೆಳೆಯರೊಬ್ಬರಿಂದ ಹೊರಗಿನ ಯುಎಸ್‌ಬಿ 3.0 ರೀಡರ್ ಎರವಲು ತಂದು, ಅದೇ ಕಾರ್ಡಿನಿಂದ ಒಂದೇ ದೊಡ್ಡ ವಿಡಿಯೋವನ್ನು ಕಾಪಿ ಮಾಡಿದಾಗ 88 ಬಂತು. ನಿಜಕ್ಕೂ ಸಂತೋಷವಾಯಿತು.

ಆದರೆ ಮರುದಿನ ಅದೇ ರೀಡರ್, ಅದೇ ಪೋರ್ಟ್, ಅದೇ ಕಾರ್ಡ್ ಇದ್ದರೂ ಮತ್ತೆ 38 ಬಂತು. ತೆಗೆದು ಇನ್ನೊಮ್ಮೆ ಚುಚ್ಚಿದ ಮೇಲೆ 88 ಆಯಿತು. ಇದಕ್ಕೆ ಕಾರಣವೇನು? ಮತ್ತೊಂದು ಸಂದೇಹವೂ ಇದೆ. ಅಂಗಡಿಗಳಲ್ಲಿ ಯುಎಚ್‌ಎಸ್-2 ರೀಡರ್‌ಗಳು ಸಿಗುತ್ತವೆ, ಅವು ಮೂರು ಪಟ್ಟು ವೇಗವಾಗಿವೆ ಎನ್ನುತ್ತಾರೆ. ಈಗಲೇ ಅದನ್ನೇ ತೆಗೆದುಕೊಂಡುಬಿಡಲೇ? ವಿ30, ಎ2 ಎಂಬ ಗುರುತುಗಳಿಗೂ ಈ ಕಾಪಿ ಮಾಡುವ ವೇಗಕ್ಕೂ ಏನಾದರೂ ಸಂಬಂಧವಿದೆಯೇ?

ನಿಧಾನಗತಿ

ಪ್ಲಗ್‌ನ ವಿಷಯ ಮೊದಲು. ಯುಎಸ್‌ಬಿ 3.0ರ ಅಗಲವಾದ ಪ್ಲಗ್‌ನಲ್ಲಿ 2.0ರ ನಾಲ್ಕು ಸಂಪರ್ಕಗಳ ಜೊತೆಗೆ ಹಿಂದಿನ ಸಾಲಿನಲ್ಲಿ ಇನ್ನೂ ಐದು ಸಂಪರ್ಕಗಳಿವೆ, ಹೆಚ್ಚಿನ ವೇಗವೆಲ್ಲ ಸಾಗುವುದು ಆ ಐದರಲ್ಲಿ. ಪ್ಲಗ್ ಪೂರ್ತಿ ಒಳಗೆ ಹೋಗುವಾಗಷ್ಟೇ ಅವು ತಾಗುತ್ತವೆ. ನೀವು ಮೆಲ್ಲಗೆ ತಳ್ಳಿದರೆ ಮುಂದಿನ ನಾಲ್ಕು ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಸಾಧನವೆಂದೇ ಗುರುತಿಸಿ ಮಾತುಕತೆ ಮುಗಿಸಿಬಿಡುವುದುಂಟು. ಒಂದೇ ಬಾರಿಗೆ, ಅಲುಗಾಡಿಸದೆ, ಕೊನೆಯವರೆಗೆ ಒಳಗೆ ಹಾಕಿ. ಟೈಪ್-ಸಿ ರೀಡರ್ ಆಗಿದ್ದರೆ ಕೇಬಲ್ ಕಡೆ ಗಮನ ಕೊಡಿ. ಚಾರ್ಜ್ ಮಾಡಲು ಬರುವ ಎಷ್ಟೋ ಟೈಪ್-ಸಿ ಕೇಬಲ್‌ಗಳ ಒಳಗೆ 2.0ರ ತಂತಿಗಳಷ್ಟೇ ಇರುತ್ತವೆ.

ಯುಎಚ್‌ಎಸ್-2ರ ಬಗ್ಗೆ: ನಿಮ್ಮ ಕಾರ್ಡನ್ನು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಸಂಪರ್ಕಗಳ ಒಂದೇ ಸಾಲು ಇರುತ್ತದೆ. ಯುಎಚ್‌ಎಸ್-2 ಕಾರ್ಡಿನಲ್ಲಿ ಅದರ ಕೆಳಗೆ ಎರಡನೆಯ ಸಾಲಿದೆ, ಆ ಸಾಲಿನ ಮೂಲಕವೇ ಅದು 312 ಎಂಬಿಯವರೆಗಿನ ಮಿತಿಯನ್ನು ತಲುಪುವುದು. ನಿಮ್ಮ ಕಾರ್ಡಿನಲ್ಲಿ ಆ ಸಾಲೇ ಇಲ್ಲದಿರುವಾಗ ಯುಎಚ್‌ಎಸ್-2 ರೀಡರ್ ತಂದರೂ ಬರುವುದು ಈಗಿನ 88, 90 ಮಾತ್ರ. ನಿಮ್ಮ ಕ್ಯಾಮೆರಾ ಯುಎಚ್‌ಎಸ್-2 ಕಾರ್ಡುಗಳನ್ನು ಬೆಂಬಲಿಸುತ್ತದೆಯೇ ನೋಡಿ. ಬೆಂಬಲಿಸಿದರೆ, ಹಕ್ಕಿ ಹಾರುವಾಗ ಒಂದರ ಹಿಂದೊಂದು ತೆಗೆದ ಚಿತ್ರಗಳು ಕಾರ್ಡಿಗೆ ಬೇಗ ಇಳಿದು ಕ್ಯಾಮೆರಾ ಬೇಗ ಸಿದ್ಧವಾಗುತ್ತದೆ. ನಿಮ್ಮ ಹವ್ಯಾಸಕ್ಕೆ ಅದು ಕಾಪಿ ಮಾಡುವಾಗ ಉಳಿಯುವ ಸಮಯಕ್ಕಿಂತ ದೊಡ್ಡ ಲಾಭ ಎನ್ನುವೆ. ಬೆಂಬಲಿಸದಿದ್ದರೆ ಸದ್ಯಕ್ಕೆ ಬೇಡ. ಲ್ಯಾಪ್‌ಟಾಪ್‌ನಲ್ಲಿ ನೀವು ಕಾಪಿ ಮಾಡುವುದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ಗಾದರೆ, ಅದು ಬರೆಯುವುದೇ 100ರ ಆಸುಪಾಸಿನ ವೇಗದಲ್ಲಿ. ಆಗ 250 ಕೊಡುವ ರೀಡರ್ ಕೂಡ ಡಿಸ್ಕ್‌ಗಾಗಿ ಕಾಯುತ್ತಾ ಕೂರುತ್ತದೆ.

2018ರಲ್ಲಿ ಪ್ರಕಟವಾದ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಇನ್ನೊಂದು ದರ್ಜೆಯೂ ಇದೆ, ಆಗ ಅದಕ್ಕೆ ಹೇಳಿದ ಮಿತಿ 985 ಎಂಬಿ. ಅದೂ ಎರಡನೆಯ ಸಾಲಿನ ಸಂಪರ್ಕಗಳನ್ನೇ ಬಳಸುತ್ತದೆ, ಆದರೆ ಅದರ ಭಾಷೆ ಯುಎಚ್‌ಎಸ್-2ರದ್ದಲ್ಲ. ಎಕ್ಸ್‌ಪ್ರೆಸ್ ಕಾರ್ಡನ್ನು ಯುಎಚ್‌ಎಸ್-2 ರೀಡರ್‌ಗೆ ಹಾಕಿದರೆ ಇಬ್ಬರಿಗೂ ತಿಳಿದ ಭಾಷೆಯಾದ ಯುಎಚ್‌ಎಸ್-1ಕ್ಕೆ ಇಳಿಯುತ್ತದೆ. ಹೆಸರು ದೊಡ್ಡದೆಂದು ಕೊಳ್ಳುವವರು ಇದನ್ನು ತಿಳಿದಿರಲಿ.

ವಿ30 ಮತ್ತು ಯು ಒಳಗಿನ 3, ಎರಡೂ ಹೇಳುವುದು ಒಂದನ್ನೇ: ವಿಡಿಯೋ ದಾಖಲಾಗುವಾಗ ಬರೆಯುವ ವೇಗ ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಇಳಿಯುವುದಿಲ್ಲ ಎಂಬ ಭರವಸೆ. ನಿಮ್ಮ ಕ್ಯಾಮೆರಾ 100 ಮೆಗಾಬಿಟ್‌ನಲ್ಲಿ ವಿಡಿಯೋ ತೆಗೆಯುತ್ತದೆ ಎಂದುಕೊಂಡರೆ ಅದಕ್ಕೆ ಬೇಕಾದದ್ದು 12.5 ಎಂಬಿ, ಆದ್ದರಿಂದ ಕಾರ್ಡಿನಲ್ಲಿ ಬೇಕಾದಷ್ಟು ಅವಕಾಶವಿದೆ. ಎ2 ಎನ್ನುವುದು ಫೋನುಗಳಲ್ಲಿ ಆ್ಯಪ್ ನಡೆಸುವವರಿಗಾಗಿ ಇರುವ ಗುರುತು, ಚೂರು ಚೂರಾಗಿ ಓದುವ ಮತ್ತು ಬರೆಯುವ ಸಾಮರ್ಥ್ಯದ್ದು. ನಿಮ್ಮ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಛಾಯಾಸಕ್ತ

ಪ್ಲಗ್ಗನ್ನು ಒಂದೇ ಬಾರಿಗೆ ಒಳಗೆ ಹಾಕುವ ಅಭ್ಯಾಸ ಮಾಡಿಕೊಂಡ ಮೇಲೆ ವಾರದಲ್ಲಿ ಒಮ್ಮೆಯೂ 38 ಕಾಣಲಿಲ್ಲ. ಕ್ಯಾಮೆರಾದ ಕೈಪಿಡಿಯಲ್ಲಿ ಯುಎಚ್‌ಎಸ್-1 ಎಂದಷ್ಟೇ ಇದೆ, ಹಾಗಾಗಿ ಸಾಮಾನ್ಯ ರೀಡರ್ ಒಂದನ್ನೇ ಕೊಂಡೆ. ನಿನ್ನೆ 59 ಜಿಬಿ ಕಾಪಿ ಆಗಲು ಹನ್ನೊಂದು ನಿಮಿಷದ ಮೇಲೆ ಕೆಲವು ಸೆಕೆಂಡು ಹಿಡಿಯಿತು.