ಟ್ರಾಫಿಕ್‌ನಲ್ಲಿ ಎಂಜಿನ್ ಆಫ್ ಆಗುತ್ತೆ, ಗ್ಯಾರೇಜಲ್ಲಿ ಏನೂ ಆಗಲ್ಲ. ದಾರಿ ಹೇಳಿ

ಬಿಟಿಎಂ_ಹ್ಯಾಚ್:
ಸಾಕಾಗಿ ಹೋಗಿದೆ. ಸಿಲ್ಕ್ ಬೋರ್ಡ್ ಕಡೆ ನಿಂತು ನಿಂತು ಮುಂದೆ ಹೋಗುವಾಗ ಎಂಜಿನ್ ದಿಢೀರ್ ಅಂತ ಆಫ್. ಹಿಂದಿನಿಂದ ಹಾರ್ನ್ ಸುರಿಮಳೆ. ಗ್ಯಾರೇಜಿನವರು ನೈಸ್ ರೋಡಲ್ಲಿ ಓಡಿಸಿ ನೋಡಿ, ಗಾಡಿ ಚೆನ್ನಾಗಿದೆ ಅಂತ ಕೀ ಕೊಡ್ತಾರೆ. ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ. ಪ್ಲಗ್, ಕಾಯಿಲ್, ಥ್ರಾಟಲ್ ಬಾಡಿ ಕ್ಲೀನಿಂಗ್ ಎಲ್ಲ ಆಯ್ತು. ಬಿಲ್ ಮಾತ್ರ ಬೆಳೀತಿದೆ. ಏನಿರಬಹುದು?

ಸ್ಪ್ಯಾನರ್10:
ಯಾವ ವರ್ಷದ ಗಾಡಿ? ಪೆಟ್ರೋಲಾ, ಡೀಸೆಲಾ? ಗ್ಯಾಸ್ ಕಿಟ್ ಇದೆಯಾ? ಜರ್ಕ್ ಹೊಡೆದು ಆಫ್ ಆಗುತ್ತಾ, ಕೀ ತಿರುಗಿಸಿದ ಹಾಗೆ ಒಮ್ಮೆಲೇ ಆಗುತ್ತಾ? ಇಷ್ಟು ಹೇಳದೆ ಇದ್ರೆ ಯಾರ ಉತ್ತರವೂ ಬರೀ ಊಹೆ.

ಟ್ಯಾಂಕ್_ಫುಲ್:
ಕೇಳೋದೇ ಬೇಡ, ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಕಾರಣ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಬಿಡುಗಡೆ ಆಯ್ತು, ಈಗ ಎಲ್ಲ ಬಂಕಲ್ಲೂ ಅದೇ. ಎಥೆನಾಲ್ ನೀರು ಹೀರುತ್ತೆ, ಹಳೇ ರಬ್ಬರ್ ಪೈಪು ತಿನ್ನುತ್ತೆ, ಟ್ಯಾಂಕ್ ತಳದ ಕೊಳೆ ಎಬ್ಬಿಸಿ ಪಂಪಿನ ಸ್ಟ್ರೇನರ್‌ಗೆ ತಂದು ಕಟ್ಟುತ್ತೆ. ಟ್ಯಾಂಕ್ ಇಳಿಸಿ ತೊಳೆಸಿ, ಪಂಪ್ ಅಸೆಂಬ್ಲಿ ಬದಲಾಯಿಸಿ.

ಬಿಟಿಎಂ_ಹ್ಯಾಚ್:
2014, 1.2 ಪೆಟ್ರೋಲ್, ಮ್ಯಾನ್ಯುಯಲ್. ಗ್ಯಾಸ್ ಇಲ್ಲ. ಜರ್ಕ್ ಇಲ್ಲ, ಒಮ್ಮೆಲೇ ಆಫ್. ಬ್ಲೋವರ್, ಮ್ಯೂಸಿಕ್ ಓಡ್ತಾನೇ ಇರುತ್ತೆ.

ವೈರಿಂಗ್_ವಿಜಯನಗರ:
ಪೆಟ್ರೋಲ್ ಕಡಿಮೆಯಾದ್ರೆ ಎಂಜಿನ್ ಹೀಗೆ ಸಾಯಲ್ಲ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ರೈಲ್ ಪೈಪಿನಲ್ಲಿ 3ರಿಂದ 3.5 ಬಾರ್ ಒತ್ತಡ ಇರುತ್ತೆ, ಅದು ಇಳೀತಾ ಇಳೀತಾ ಗಾಡಿ ಮೊದಲು ಮುಗ್ಗರಿಸುತ್ತೆ. ಒಮ್ಮೆಲೇ ಆಫ್ ಅಂದ್ರೆ ಕರೆಂಟೋ ಸಿಗ್ನಲ್ಲೋ ಕಟ್ ಆಗಿದೆ.

ಇನ್ನು ಬಿಡಿಭಾಗ ಬದಲಾಯಿಸೋದು ನಿಲ್ಲಿಸಿ. ಗಾಡಿ ಸತ್ತು ನಿಂತ ಆ ಒಂದೆರಡು ನಿಮಿಷ ಗ್ಯಾರೇಜಿನವರಿಗೆ ಸಿಗಲ್ಲ, ನಿಮಗೆ ಮಾತ್ರ ಸಿಗುತ್ತೆ. ಹಜಾರ್ಡ್ ಲೈಟ್ ಹಾಕಿ, ಗಾಡಿ ಬದಿಗೆ ತಳ್ಳಿಸಿ, ಬಾನೆಟ್ ಮುಟ್ಟೋಕೆ ಮೊದಲು ಇದನ್ನ ಇದೇ ಕ್ರಮದಲ್ಲಿ ನೋಡಿ.

ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ, ಕ್ರ್ಯಾಂಕ್ (ಸೆಲ್ಫ್ ಹೊಡೆಯೋದು) ಬೇಡ. ಚೆಕ್ ಎಂಜಿನ್ ಲೈಟ್ ಹತ್ತಬೇಕು. ಹತ್ತದಿದ್ರೆ ಇಸಿಯುಗೆ (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಕರೆಂಟ್ ಇಲ್ಲ: ಮೇನ್ ರಿಲೇ, ಫ್ಯೂಸ್, ಅರ್ತ್. ಕೀ ಗುರುತಿನ ಇಮ್ಮೊಬಿಲೈಸರ್ ಲೈಟ್ ಮಿನುಗ್ತಿದ್ರೆ ಆ ದಾರಿ ಬೇರೆ. ಆಮೇಲೆ ಹಿಂದಿನ ಸೀಟಿನ ಕಡೆ ಕಿವಿ ಕೊಡಿ, ಪಂಪ್ 2–3 ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಕೊನೆಗೆ ಕ್ರ್ಯಾಂಕ್ ಮಾಡ್ತಾ ಆರ್‌ಪಿಎಂ ನೋಡಿ. ಡ್ಯಾಶ್‌ಬೋರ್ಡಿನ ಮುಳ್ಳು ನಂಬಬೇಡಿ, ಒಬಿಡಿ ಸಾಕೆಟ್‌ಗೆ (ಸ್ಕ್ಯಾನರ್ ಚುಚ್ಚೋ ಜಾಗ) ಬ್ಲೂಟೂತ್ ಅಡಾಪ್ಟರ್ ಹಾಕಿ ಮೊಬೈಲಲ್ಲೇ ನೋಡಿ. ಸ್ಟಾರ್ಟರ್ ತಿರುಗುವಾಗ 200–300 ತೋರಿಸಬೇಕು. ಸೊನ್ನೆಯಲ್ಲೇ ನಿಂತ್ರೆ ಎಂಜಿನ್ ತಿರುಗೋದನ್ನ ಅಳೆಯೋ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಇಸಿಯುಗೆ ತಲುಪ್ತಿಲ್ಲ. ಒಂದು ಎಚ್ಚರ: ಕ್ರ್ಯಾಂಕ್ ಮಾಡುವಾಗ ವೋಲ್ಟೇಜ್ ಇಳಿದು ಅಗ್ಗದ ಅಡಾಪ್ಟರ್ ಸಂಪರ್ಕ ಕಡಿದುಕೊಳ್ಳುತ್ತೆ. ಪಕ್ಕದಲ್ಲಿ ಬ್ಯಾಟರಿ ವೋಲ್ಟೇಜ್ ಅಂಕಿ ಬದಲಾಗ್ತಾ ಇದ್ರೆ ಮಾತ್ರ ಆ ಸೊನ್ನೆ ನಿಜ.

ಟ್ಯಾಂಕ್_ಫುಲ್:
ಸಿಲ್ಕ್ ಬೋರ್ಡ್ ಬಿಸಿಲಲ್ಲಿ ನಿಂತ್ರೆ ಬಾನೆಟ್ ಒಳಗೆ ಕಾವು ಏರುತ್ತೆ. ಎಥೆನಾಲ್ 78 ಡಿಗ್ರಿಗೇ ಕುದಿಯುತ್ತೆ. ಪೈಪಲ್ಲಿ ಆವಿ ತುಂಬಿ ಪೆಟ್ರೋಲ್ ಮುಂದೆ ಹೋಗಲ್ಲ, ವೇಪರ್ ಲಾಕ್ ಅಂದ್ರೆ ಇದೇ. ನೈಸ್ ರೋಡಲ್ಲಿ ಗಾಳಿ ಬೀಸುತ್ತೆ, ಅದಕ್ಕೇ ಅಲ್ಲಿ ಆಗಲ್ಲ.

ಸ್ಪ್ಯಾನರ್10:
ವೇಪರ್ ಲಾಕ್ ಕಾರ್ಬ್ಯುರೇಟರ್ ಕಾಲದ ತೊಂದರೆ. ಅಲ್ಲಿ ಎಂಜಿನ್ ಮೇಲಿನ ಪಂಪ್ ಪೆಟ್ರೋಲನ್ನ ಎಳೀತಿತ್ತು. ಇಲ್ಲಿ ಪಂಪ್ ಟ್ಯಾಂಕಿನೊಳಗೇ ಇದೆ, ಲೈನಿನ ಉದ್ದಕ್ಕೂ 3 ಬಾರ್ ತಳ್ಳುತ್ತೆ, ಆ ಒತ್ತಡದಲ್ಲಿ ಕುದಿಯುವ ಬಿಂದು ಮೇಲೇರುತ್ತೆ. ಇ20ರಿಂದ ಮೈಲೇಜ್ ಇಳಿಯೋದು ನಿಜ, ಹಳೇ ರಬ್ಬರ್ ಕಥೆಯೂ ನಿಜ. ಆದ್ರೆ ಇದು ಅದಲ್ಲ.

ಟ್ಯಾಂಕ್_ಫುಲ್:
ಇಂಜೆಕ್ಷನ್ ಗಾಡಿಗಳಲ್ಲೂ ಬಿಸಿಯಲ್ಲಿ ಸ್ಟಾರ್ಟ್ ಆಗದೆ ಸತಾಯಿಸೋದು ಇದೆ. ಒಂದು ಟ್ಯಾಂಕ್ 100 ಆಕ್ಟೇನ್ ಹಾಕಿ ನೋಡೋದರಲ್ಲಿ ನಷ್ಟ ಏನು?

ಸ್ಪ್ಯಾನರ್10:
ದುಡ್ಡು. ಆಕ್ಟೇನ್ ನಾಕಿಂಗ್‌ಗೆ (ಎಂಜಿನ್ ಕಟಕಟ ಬಡಿಯೋದಕ್ಕೆ) ಔಷಧಿ, ಆಫ್ ಆಗೋದಕ್ಕಲ್ಲ.

ಡೀಸೆಲ್_ದಾಸರಹಳ್ಳಿ:
ನಂದು ಡೀಸೆಲ್, ಹೆಬ್ಬಾಳ ಫ್ಲೈಓವರ್ ಹತ್ತುವಾಗ ಪಿಕಪ್ ಬಿದ್ದು ಹೋಗುತ್ತೆ. ಆಫ್ ಮಾಡಿ ಆನ್ ಮಾಡಿದ್ರೆ ಸರಿ. ಇದೇ ಸೆನ್ಸರಾ?

ವೈರಿಂಗ್_ವಿಜಯನಗರ:
ಅಲ್ಲ ಅಣ್ಣ, ಅದು ಲಿಂಪ್ ಮೋಡ್, ದೋಷ ಕಂಡು ಇಸಿಯು ತಾನೇ ಶಕ್ತಿ ಇಳಿಸೋದು. ಇಂಟರ್‌ಕೂಲರ್ ಹೋಸ್ ಸೀಳಿದೆಯಾ, ಟರ್ಬೊ ವ್ಯಾಕ್ಯೂಮ್ ಪೈಪ್ ಗಟ್ಟಿ ಇದೆಯಾ, ಇಜಿಆರ್ (ಹೊಗೆಯನ್ನ ಮತ್ತೆ ಎಂಜಿನ್‌ಗೆ ಕಳಿಸೋ ವಾಲ್ವ್) ಕಟ್ಟಿದೆಯಾ ನೋಡಿ. ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತೆ.

ಸ್ಕೋಪ್_ನಾಲ್ಕು:
ಆರ್‌ಪಿಎಂ ಸೊನ್ನೆ ಅಂತ ಗೊತ್ತಾದ್ರೆ ಸಾಲದು, ಸಿಗ್ನಲ್ಲಿನ ಅಲೆ ತೋರಿಸೋ ಆಸಿಲೊಸ್ಕೋಪ್ ಬೇಕು. ನನ್ನ ಹತ್ರ ನಾಲ್ಕು ಚಾನೆಲ್ ಇದೆ: ಕ್ರ್ಯಾಂಕ್, ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟಿನ ಸೆನ್ಸರ್), ಒಂದು ಇಂಜೆಕ್ಟರ್, ನಾಲ್ಕನೇದು ಕರೆಂಟ್ ಕ್ಲ್ಯಾಂಪ್. ಒಂದೇ ಪರದೆಯಲ್ಲಿ ಯಾವುದು ಮೊದಲು ಸತ್ತಿತು ಅಂತ ಕಾಣುತ್ತೆ. ಲ್ಯಾಪ್‌ಟಾಪ್ ಡ್ಯಾಶ್ ಮೇಲೆ ಕೂರಿಸೋಕೆ ಸ್ಟ್ಯಾಂಡ್ ಕೂಡ ಮಾಡ್ಕೊಂಡಿದೀನಿ.

ಸ್ಪ್ಯಾನರ್10:
ಸೆಟಪ್ ಚೆನ್ನಾಗಿದೆ ಗುರು, ಆದ್ರೆ ಎಸ್‌ಪಿ ರೋಡಲ್ಲಿ ಸಿಗೋ ಮಲ್ಟಿಮೀಟರ್ ಈ ಕೆಲಸಕ್ಕೆ ಧಾರಾಳ ಸಾಕು.

ಸ್ಕೋಪ್_ನಾಲ್ಕು:
ಮೀಟರ್ ಸರಾಸರಿ ತೋರಿಸುತ್ತೆ. 20 ಮಿಲಿಸೆಕೆಂಡ್ ಕಟ್ ಆದ್ರೆ ಅದಕ್ಕೆ ಕಾಣಲ್ಲ.

ಬಿಟಿಎಂ_ಹ್ಯಾಚ್:
ಇವತ್ತು ಬೊಮ್ಮನಹಳ್ಳಿ ಹತ್ರ ಆಫ್ ಆಯ್ತು. ಲೈಟ್ ಹತ್ತಿತು, ಪಂಪ್ ಸದ್ದು ಬಂತು. ಕ್ರ್ಯಾಂಕ್ ಮಾಡುವಾಗ ಆರ್‌ಪಿಎಂ ಸೊನ್ನೆ, ವೋಲ್ಟೇಜ್ ಅಂಕಿ ಓಡ್ತಿತ್ತು. ಆದ್ರೆ ಆ ಸೆನ್ಸರ್ ಗ್ಯಾರೇಜಿನವರು ಆಗಲೇ ಹೊಸದು ಹಾಕಿದಾರೆ. ಮತ್ತೆ ಸ್ಟಾರ್ಟ್ ಆಗೋಕೆ ಒಮ್ಮೊಮ್ಮೆ ಹತ್ತು ನಿಮಿಷ ಬೇಕು, ಒಮ್ಮೊಮ್ಮೆ ಎರಡನೇ ಸಲ ಸೆಲ್ಫ್ ಹೊಡೆದ್ರೇ ಆಗುತ್ತೆ. ಇದೆಲ್ಲ ಕ್ಲಚ್ ಪ್ಲೇಟ್ ಹಾಕಿಸಿದ ಮೇಲೆ ಶುರುವಾಗಿದ್ದು.

ವೈರಿಂಗ್_ವಿಜಯನಗರ:
ಕ್ಲಚ್ ಕೆಲಸ! ಗೇರ್‌ಬಾಕ್ಸ್ ಇಳಿಸುವಾಗ ಸೆನ್ಸರ್ ವೈರಿನ ಕ್ಲಿಪ್ ಬಿಚ್ಚಲೇಬೇಕು. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಕವಚ) ಪಕ್ಕದ ಆ ಕ್ಲಿಪ್ ಮುರಿದ್ರೆ ಯಾರೂ ಹೊಸದು ಹಾಕಲ್ಲ, ವೈರ್ ಆಸರೆ ಇಲ್ಲದೆ ಬಿಗಿಯಾಗಿ ನಿಲ್ಲುತ್ತೆ.

ಇದು ಕಾವಿನ ತೊಂದರೆ ಅಲ್ಲ ಅನ್ನೋದಕ್ಕೆ ನೀವೇ ಸಾಕ್ಷಿ ಕೊಟ್ಟಿದೀರಿ. ಕಾದು ಕೆಟ್ಟ ಸೆನ್ಸರ್ ಆರುವವರೆಗೆ ಏಳಲ್ಲ. ನಿಮ್ಮದು ಎರಡನೇ ಸಲ ಸೆಲ್ಫ್ ಹೊಡೆದ್ರೇ ಏಳುತ್ತೆ. ಟ್ರಾಫಿಕ್‌ನಲ್ಲಿ ಮಾತ್ರ ಆಗೋದು ಯಾಕಂದ್ರೆ ಅಲ್ಲಿ ಪ್ರತಿ ಸಲ ಫಸ್ಟ್ ಗೇರ್ ಕ್ಲಚ್ ಬಿಟ್ಟಾಗ ಎಂಜಿನ್ ಮೌಂಟಿಂಗ್ ಮೇಲೆ ವಾಲುತ್ತೆ, ವೈರ್ ಎಳೆಯುತ್ತೆ, ಕನೆಕ್ಟರ್ ಪಿನ್ ಬಿಡುತ್ತೆ. ನೈಸ್ ರೋಡಲ್ಲಿ ಒಂದೇ ವೇಗ, ಎಂಜಿನ್ ಅಲುಗಾಡಲ್ಲ. ಅಲ್ಲಿ ಎಷ್ಟು ಓಡಿಸಿದ್ರೂ ಸಿಗಲ್ಲ.

ಕೋಡ್ ಯಾಕೆ ಬರಲ್ಲ ಅಂದ್ರೆ, ಪಿ0335 (ಕ್ರ್ಯಾಂಕ್ ಸೆನ್ಸರ್ ದೋಷದ ಕೋಡ್) ಬೀಳೋಕೆ ಕ್ಯಾಮ್ ಸಿಗ್ನಲ್ ಬರ್ತಾ ಇದ್ದು ಕ್ರ್ಯಾಂಕ್ ಸಿಗ್ನಲ್ ಇಲ್ಲ ಅಂತ ಇಸಿಯುಗೆ ಸ್ವಲ್ಪ ಹೊತ್ತು ಕಾಣಬೇಕು. ಎಂಜಿನ್ ತಕ್ಷಣ ನಿಂತ್ರೆ ಮಾಮೂಲಿ ಆಫ್ ಅಂತ ತಿಳಿಯುತ್ತೆ. ಬಂದ್ರೂ ಪೆಂಡಿಂಗ್ (ಇನ್ನೂ ಖಚಿತವಾಗದ ಕೋಡ್) ಪಟ್ಟಿಯಲ್ಲಿರುತ್ತೆ, ಗ್ಯಾರೇಜಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚಿದ್ರೆ ಅಳಿಸಿಹೋಗುತ್ತೆ. ಇನ್ನೊಂದು: ಸಿಗ್ನಲ್ ಇಲ್ಲದಿದ್ರೆ ಇಸಿಯು ಪಂಪನ್ನೂ ನಿಲ್ಲಿಸುತ್ತೆ. ಅದನ್ನ ನೋಡಿ ಒಳ್ಳೇ ಪಂಪ್ ಕಿತ್ತು ಬಿಸಾಕ್ತಾರೆ.

ಮನೆ ಹತ್ರ ಖಾಲಿ ಜಾಗದಲ್ಲಿ ಹಿಂದೆ ಮುಂದೆ ಚಕ್ರಕ್ಕೆ ಕಲ್ಲು ಕೊಡಿ, ಮುಂದೆ ಹಿಂದೆ ಯಾರೂ ನಿಲ್ಲಬಾರದು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಫಸ್ಟ್ ಗೇರಲ್ಲಿ ಕ್ಲಚ್ ಕಚ್ಚೋವರೆಗೆ ಬಿಟ್ಟು ಮತ್ತೆ ಒತ್ತಿ, ಎಂಜಿನ್ ವಾಲೋದು ಕಾಣಬೇಕು. ಹಾಗೇ ರಿವರ್ಸ್. ಕ್ಲಚ್ ಕಚ್ಚಿಸಿ ಹಿಡಿದಿಡಬೇಡಿ, ಹೊಸ ಪ್ಲೇಟ್ ಸುಡುತ್ತೆ.

ಬಿಟಿಎಂ_ಹ್ಯಾಚ್:
ರಿವರ್ಸಲ್ಲಿ ಸಿಕ್ತು! ಕ್ಲಚ್ ಕಚ್ಚೋ ಹೊತ್ತಿಗೆ ಆಫ್, ಎರಡನೇ ಸಲವೂ ಅಲ್ಲೇ. ಕೆಳಗೆ ನೋಡಿದ್ರೆ ಕ್ಲಿಪ್ ಇಲ್ಲ, ವೈರ್ ತಂತಿ ಕಟ್ಟಿದ ಹಾಗೆ ಬಿಗಿ. ಮೂರು ಪಿನ್ನಿನ ಕನೆಕ್ಟರ್, ನಡುವಿನದು ಸಡಿಲ. ಪಿನ್ ಬಗ್ಗಿಸಿದ್ರೆ ಸಾಕಾ, ಕನೆಕ್ಟರೇ ಹಾಕಬೇಕಾ?

ಸ್ಪ್ಯಾನರ್10:
ಹಿಗ್ಗಿದ ಪಿನ್ ಬಗ್ಗಿಸಿದ್ರೆ ಮತ್ತೆ ಹಿಗ್ಗುತ್ತೆ. ವೈರ್ ಸಮೇತ ಬರೋ ಕನೆಕ್ಟರ್ ಜೆಸಿ ರೋಡಲ್ಲಿ ಸಿಗುತ್ತೆ. ಹಳೇದು ಅಥವಾ ಅದರ ಫೋಟೋ ತಗೊಂಡು ಹೋಗಿ, ಬೀಗದ ನಾಲಿಗೆ ಯಾವ ಕಡೆ ಇದೆ ಅಂತ ಹೋಲಿಸಿ. ಸೇರಿಸಿದ ಜಾಗಕ್ಕೆ ಬೆಸುಗೆ ಹಾಕಿ.

ಸ್ಕೋಪ್_ನಾಲ್ಕು:
ಅಲುಗಾಡೋ ವೈರಿಗೆ ಬೆಸುಗೆ ಬೇಡ, ಬೆಸುಗೆಯ ಅಂಚಲ್ಲೇ ಮುರಿಯುತ್ತೆ. ಕ್ರಿಂಪ್ ಮಾಡಿ (ಲೋಹದ ತೋಳಲ್ಲಿ ಇಟ್ಟು ಒತ್ತಿ ಹಿಡಿಸಿ), ಒಳಗೆ ಅಂಟಿರೋ, ಕಾಯಿಸಿದ್ರೆ ಬಿಗಿಯಾಗೋ ಹೀಟ್ ಶ್ರಿಂಕ್ ಕೊಳವೆ ಏರಿಸಿ.

ವೈರಿಂಗ್_ವಿಜಯನಗರ:
ಕ್ರಿಂಪ್‌ಗೇ ನನ್ನ ಮತ. ಮೂರೂ ಜೋಡಣೆ ಒಂದೇ ಕಡೆ ಬರದ ಹಾಗೆ ಮೇಲೆ ಕೆಳಗೆ ಕತ್ತರಿಸಿ. 3–4 ಸೆಂಟಿಮೀಟರ್ ಸಡಿಲ ಬಿಟ್ಟು, ಸೈಲೆನ್ಸರ್ ಪೈಪಿನಿಂದ ದೂರ, ಕ್ಲಿಪ್ ಹಾಕಿ ಕಟ್ಟಿ. ವೈರಿನ ಮೇಲೆ ಅಲ್ಯೂಮಿನಿಯಂ ಹೊದಿಕೆ ಇದ್ರೆ ಕಿತ್ತು ಹಾಕಬೇಡಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆನ್ ಇಟ್ಟು, ಅದೇ ಫಸ್ಟ್–ರಿವರ್ಸ್ ಪರೀಕ್ಷೆ ಮತ್ತೆ ಮಾಡಿ.

ಟ್ಯಾಂಕ್_ಫುಲ್:
ಇಷ್ಟೆಲ್ಲ ಬಿಚ್ಚುವಾಗ ಪೆಟ್ರೋಲ್ ಹೋಸ್ ಕೂಡ ಒಮ್ಮೆ ನೋಡಿ. 2014ರ ಗಾಡಿಯ ರಬ್ಬರ್, ಬೆರಳಲ್ಲಿ ಮಡಚಿದ್ರೆ ಬಿರುಕು ಕಾಣುತ್ತೆ.

ಸ್ಪ್ಯಾನರ್10:
ಇದು ಒಪ್ಪುವ ಮಾತು. ಎಂಜಿನ್ ಮೌಂಟಿಂಗ್ ಕೂಡ ನೋಡಿ, ರಬ್ಬರ್ ಸೀಳಿದ್ರೆ ಹೊಸ ವೈರನ್ನೂ ಎಳೆಯುತ್ತೆ.