ಭಾರದ ಬಟ್ಟೆ ಹಾಕಿದರೆ ಪಲ್ಸೇಟರ್ ನಿಲ್ಲುತ್ತದೆ: ಬೆಲ್ಟ್ ಬದಲಿಸಿದರೆ ಸಾಕೇ?

ಪ್ರಶ್ನೆ

ನಮಸ್ಕಾರ. ನಮ್ಮದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್. ಬರೀ ನೀರು ತುಂಬಿದಾಗ ಪಲ್ಸೇಟರ್ (ತೊಟ್ಟಿಯ ತಳದಲ್ಲಿ ಬಟ್ಟೆ ತಿರುಗಿಸುವ ಚಕ್ರ) ಸರಿಯಾಗಿ ತಿರುಗುತ್ತದೆ. ಆದರೆ ಬೆಡ್‌ಶೀಟ್, ಜೀನ್ಸ್‌ನಂಥ ಬಟ್ಟೆ ಹಾಕಿದೊಡನೆ, ಮೋಟಾರ್ ಓಡುವ ಸದ್ದು ಕೇಳುತ್ತಿದ್ದರೂ ಪಲ್ಸೇಟರ್ ನಿಂತುಬಿಡುತ್ತದೆ. ರಬ್ಬರ್ ಸುಟ್ಟ ವಾಸನೆಯೂ ಬರುತ್ತದೆ. ಡ್ರೈಯರ್ ಚೆನ್ನಾಗಿದೆ. ನೋಡಲು ಬಂದ ಮೆಕ್ಯಾನಿಕ್ ಗೇರ್ ಬಾಕ್ಸನ್ನೇ ಬದಲಿಸಬೇಕು ಎಂದರು. ದಯವಿಟ್ಟು ತಿಳಿಸಿ.

ಉತ್ತರ

ನೀವು ಹೇಳಿದ ಲಕ್ಷಣಗಳು, ಮೋಟಾರಿನ ಓಟವನ್ನು ಗೇರ್ ಬಾಕ್ಸ್ ಮೂಲಕ ಪಲ್ಸೇಟರ್‌ಗೆ ಮುಟ್ಟಿಸುವ ಬೆಲ್ಟ್ ಸವೆದಿರುವುದನ್ನೇ ತೋರಿಸುತ್ತವೆ. ಮೋಟಾರ್ ಶುರುವಾಗಲು ನೆರವಾಗುವ ಕೆಪಾಸಿಟರ್ ಕೆಟ್ಟಿದ್ದರೆ ಮೋಟಾರ್ ಗುಂಯ್‌ಗುಡುತ್ತ ನಿಂತಲ್ಲೇ ನಿಲ್ಲುತ್ತಿತ್ತೇ ಹೊರತು ಹೀಗೆ ಓಡುತ್ತಿರಲಿಲ್ಲ. ಡ್ರೈಯರ್‌ಗೆ ಪ್ರತ್ಯೇಕ ಮೋಟಾರ್ ಇದ್ದು ಅದಕ್ಕೆ ಬೆಲ್ಟ್ ಇರುವುದಿಲ್ಲವಾದ್ದರಿಂದ, ಅದು ಸರಿಯಿರುವುದು ಸಹಜವೇ.

ಮೊದಲು ಪ್ಲಗ್ ತೆಗೆದು, ನೀರು ಖಾಲಿ ಮಾಡಿ, ಹಿಂಬದಿಯ ಮುಚ್ಚಳ ಬಿಚ್ಚಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಅದರ ತಂತಿಗಳ ತುದಿಯನ್ನು ಮುಟ್ಟಲೇಬೇಡಿ. ಬೆಲ್ಟ್ ಸುತ್ತುವ ಗಾಲಿಯಾದ ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಉದುರಿದ್ದರೆ ಅನುಮಾನ ಬೇಡ. ವಿ ಆಕಾರದ ಬೆಲ್ಟ್ ಹಿಡಿತ ಸಾಧಿಸುವುದು ತನ್ನ ಎರಡು ಪಕ್ಕಗಳಿಂದ. ಆ ಪಕ್ಕಗಳು ಸವೆದು ಗಾಜಿನಂತೆ ನುಣುಪಾದಾಗ ಬೆಲ್ಟ್ ಪುಲ್ಲಿಯ ತೋಡಿನೊಳಕ್ಕೆ ಇಳಿದು ಅದರ ತಳಕ್ಕೆ ತಾಗುತ್ತದೆ, ಭಾರ ಬಿದ್ದೊಡನೆ ಜಾರುತ್ತದೆ.

ಬೆಲ್ಟಿನ ಬೆನ್ನ ಮೇಲೆ ಎಂ 20 ಎಂಬಂತಹ ಗುರುತು ಇರುತ್ತದೆ. ಅಕ್ಷರವು ಬೆಲ್ಟಿನ ಅಗಲವನ್ನೂ ಸಂಖ್ಯೆಯು ಇಂಚಿನಲ್ಲಿ ಅದರ ಉದ್ದವನ್ನೂ ಹೇಳುತ್ತದೆ. ಗುರುತು ಅಳಿಸಿದ್ದರೆ ಮಷಿನ್‌ನ ಮಾಡೆಲ್ ಸಂಖ್ಯೆ ಹೇಳಿ ಕೊಳ್ಳಿ. ಹಳೆಯ ಬೆಲ್ಟ್ ಹಿಗ್ಗಿರುವುದರಿಂದ ಅದರ ಅಳತೆಯನ್ನೇ ನಂಬಬಾರದು.

ಮೋಟಾರನ್ನು ಹಿಡಿದ ಬೋಲ್ಟ್‌ಗಳನ್ನು ಸಡಿಲಿಸಿದರೆ ಅದು ಉದ್ದನೆಯ ತೂತುಗಳಲ್ಲಿ ಹಿಂದೆ ಮುಂದೆ ಸರಿಯುತ್ತದೆ. ಹೊಸ ಬೆಲ್ಟನ್ನು ಮೊದಲು ಚಿಕ್ಕ ಪುಲ್ಲಿಗೆ, ಆಮೇಲೆ ದೊಡ್ಡ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಅದಕ್ಕೆ ಏರಿಸಿ. ಸ್ಕ್ರೂ ಡ್ರೈವರ್‌ನಿಂದ ಮೀಟಿ ಏರಿಸಿದರೆ ಒಳಗಿನ ದಾರಗಳು ಹರಿಯುತ್ತವೆ. ನಡುವೆ ಬೆರಳಿಂದ ಒತ್ತಿದಾಗ ಸುಮಾರು ಒಂದು ಸೆಂಟಿಮೀಟರ್ ಬಗ್ಗುವಷ್ಟು ಬಿಗಿ ಸಾಕು. ಅತಿ ಬಿಗಿ ಮಾಡಿದರೆ ಬೇರಿಂಗ್‌ಗೆ ಪೆಟ್ಟು. ಎರಡು ಪುಲ್ಲಿಗಳೂ ಒಂದೇ ನೇರದಲ್ಲಿ ಇವೆಯೇ ಎಂದು ನೋಡಿಯೇ ಬೋಲ್ಟ್ ಬಿಗಿಯಿರಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬೆಲ್ಟ್ ಹಾಕಿದ ಮೇಲೆ ಬೆಡ್‌ಶೀಟ್‌ಗಳೂ ಸಲೀಸಾಗಿ ತಿರುಗುತ್ತಿವೆ. ಆದರೆ ಗೇರ್ ಬಾಕ್ಸ್ ಮೇಲೆ ಸೋಪಿನ ಬಿಳಿ ಗೆರೆಯೊಂದು ಒಣಗಿ ನಿಂತಿದೆ.

ಉತ್ತರ

ಅದನ್ನು ಹಾಗೇ ಬಿಡಬೇಡಿ. ಪಲ್ಸೇಟರ್ ಅಡಿಯಲ್ಲಿ ನೀರು ತಡೆಯುವ ಸೀಲ್ ಸೋರಿ, ಸೋಪಿನ ನೀರು ಬೆಲ್ಟ್ ಮೇಲೆ ತೊಟ್ಟಿಕ್ಕಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಹೊಸ ಬೆಲ್ಟ್ ಕೂಡ ಬೇಗನೆ ಜಾರತೊಡಗುತ್ತದೆ. ಪ್ಲಗ್ ತೆಗೆದು, ಪಲ್ಸೇಟರ್ ನಡುವಿನ ಸ್ಕ್ರೂ ಬಿಚ್ಚಿ, ಅದನ್ನು ಮೇಲಕ್ಕೆತ್ತಿ ನೋಡಿ. ಗೇರ್ ಬಾಕ್ಸ್‌ನಿಂದ ಮೇಲೆ ಬಂದು ಪಲ್ಸೇಟರ್ ತಿರುಗಿಸುವ ಶಾಫ್ಟ್ (ಕಂಬಿ) ನುಣುಪಾಗಿದ್ದರೆ ಸೀಲ್ ಬದಲಿಸಿದರೆ ಸಾಕು. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ತುಕ್ಕು ಹಿಡಿದು ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಮಾತ್ರ ಹೊಸ ಸೀಲೂ ನಿಲ್ಲದು, ಆಗ ಮೆಕ್ಯಾನಿಕ್ ಹೇಳಿದಂತೆ ಗೇರ್ ಬಾಕ್ಸ್ ಬದಲಿಸಬೇಕಾಗುತ್ತದೆ. ಹೊಸ ಬೆಲ್ಟ್ ಮೊದಲ ಕೆಲವು ಒಗೆತಗಳಲ್ಲಿ ಸ್ವಲ್ಪ ಹಿಗ್ಗುವುದರಿಂದ, ಆ ಹೊತ್ತಿಗೆ ಬಿಗಿಯನ್ನೂ ಇನ್ನೊಮ್ಮೆ ನೋಡಿಬಿಡಿ.