ಕೆಬೆಕ್‌ನ ‘ತ್ರಾಂಬ್ಲೇ’ಗಳೆಲ್ಲ ಒಬ್ಬನೇ ಮೂಲಪುರುಷನ ಸಂತತಿಯೇ?

ಪ್ರಶ್ನೆ: ಮಾಂಟ್ರಿಯಲ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಮಾಂಟ್ರಿಯಲ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿ ಇದೇ ಕೆಬೆಕ್ ಪ್ರಾಂತ್ಯದ (ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯ) ಸಾಗ್ನೆ ಸೀಮೆಯಿಂದ ಬಂದ ಹಿರಿಯರು. ಅವರ ಮನೆತನದ ಹೆಸರು ತ್ರಾಂಬ್ಲೇ. ಅಂಗಡಿಯ ಫಲಕ, ವಕೀಲರ ಕಚೇರಿ, ಮಗಳ ತರಗತಿಯ ಹಾಜರಿಪಟ್ಟಿ ಹೀಗೆ ಎಲ್ಲಿ ನೋಡಿದರೂ ಆ ಹೆಸರು ಕಣ್ಣಿಗೆ ಬೀಳುತ್ತದೆ. ಈ ಬಗ್ಗೆ ಕೇಳಿದಾಗ ಆ ತಾಯಿ, ತಾವೆಲ್ಲರೂ ಫ್ರಾನ್ಸಿನಿಂದ ಬಂದ ಒಬ್ಬನೇ ವ್ಯಕ್ತಿಯ ಮಕ್ಕಳು ಮೊಮ್ಮಕ್ಕಳು ಎಂದರು. ನನಗೆ ನಂಬುವುದು ಕಷ್ಟವಾಯಿತು. ನಮ್ಮ ಧಾರವಾಡದ ಕಡೆ ಪಾಟೀಲ, ಕುಲಕರ್ಣಿ ಎಂಬ ಅಡ್ಡಹೆಸರು ಊರೂರಿಗೂ ಇದೆ. ಅವು ಊರಿನ ಅಧಿಕಾರದಿಂದ ಬಂದ ಹೆಸರುಗಳಾದ್ದರಿಂದ, ಅಡ್ಡಹೆಸರು ಒಂದೇ ಆದವರು ಬಂಧುಗಳೆಂದು ಯಾರೂ ಹೇಳುವುದಿಲ್ಲ. ಮಿಷಿಗನ್‌ನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರ ಹೆಸರು ಟ್ರಾಂಬ್ಲಿ. ಅದೂ ಇದೇ ಹೆಸರೆಂದು ಅವರು ಹೇಳುತ್ತಾರೆ. ಈ ಹೆಸರಿನ ಮೂಲವನ್ನೂ ಅದು ಹರಡಿದ ಬಗೆಯನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಹಳೆಯ ಕಡತ

ತಮ್ಮ ಮನೆಯೊಡತಿ ಹೇಳಿದ್ದು ನಿಜ. ಉತ್ತರ ಅಮೆರಿಕದ ಬಹುತೇಕ ಎಲ್ಲ ತ್ರಾಂಬ್ಲೇಗಳ ಮೂಲಪುರುಷ ಪಿಯೆರ್ ತ್ರಾಂಬ್ಲೇ. ಆತ ನಾರ್ಮಂಡಿಗೆ ಹೊಂದಿಕೊಂಡಿರುವ ಪೆರ್ಶ್ ಪ್ರಾಂತ್ಯದ ರಾಂಡೊನೆ ಎಂಬ ಹಳ್ಳಿಯವನು, 1647ರಲ್ಲಿ ಕೂಲಿಯ ಕರಾರಿನ ಮೇಲೆ ಕೆಬೆಕ್‌ಗೆ ಬಂದವನು. ಅದೇ ಪೆರ್ಶ್‌ನ ರೋಬೆರ್ ಜಿಫಾರ್ ಎಂಬ ವೈದ್ಯನಿಗೆ 1634ರಲ್ಲಿ ಕೆಬೆಕ್ ಪಟ್ಟಣದ ಪಕ್ಕದ ಬೋಪೋರ್ ಜಹಗೀರು ದೊರೆತಿತ್ತು. ಆ ಭೂಮಿಯ ಕಾಡು ಕಡಿದು ಹೊಲ ಮಾಡಲು ಅವನು ತನ್ನ ಸೀಮೆಯ ಬಡಗಿಗಳನ್ನೂ ರೈತರನ್ನೂ ಕರೆತಂದದ್ದರಿಂದಲೇ ಈ ವಲಸೆಯ ದಾರಿ ತೆರೆಯಿತು. ಪಿಯೆರ್ 1657ರಲ್ಲಿ ಲಾ ರೊಶೆಲ್ ಕಡೆಯಿಂದ ಬಂದ ಓಝಾನ್ ಆಶೋನ್ ಎಂಬವಳನ್ನು ಮದುವೆಯಾದನು. ಅವರಿಗೆ ಹನ್ನೆರಡು ಮಕ್ಕಳು. ಪಿಯೆರ್, ಮಿಶೆಲ್, ಜಾಕ್, ಲೂಯಿ ಎಂಬ ನಾಲ್ವರು ಗಂಡುಮಕ್ಕಳಿಂದ ಹೆಸರು ಮುಂದುವರಿಯಿತು. 2006ರಲ್ಲಿ ಕೆಬೆಕ್‌ನ ಅಂಕಿಅಂಶ ಸಂಸ್ಥೆ ಹೆಸರುಗಳನ್ನು ಎಣಿಸಿದಾಗ ಮೊದಲ ಸ್ಥಾನದಲ್ಲಿದ್ದುದು ಇದೇ ಹೆಸರು, ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು.

ಹೆಸರಿನ ಅರ್ಥವೂ ಸೊಗಸಾಗಿದೆ. ಫ್ರೆಂಚಿನಲ್ಲಿ ‘ತ್ರಾಂಬ್ಲ್’ ಎಂದರೆ ಒಂದು ಜಾತಿಯ ಮರ. ಅದರ ಎಲೆಯ ತೊಟ್ಟು ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿರುವುದರಿಂದ, ನಮ್ಮ ಅರಳಿ ಎಲೆಯಂತೆ, ಗಾಳಿ ಬೀಸಿದ್ದು ನಮಗೆ ತಿಳಿಯುವ ಮೊದಲೇ ಎಲೆ ನಡುಗುತ್ತದೆ. ಆ ಮರಗಳ ತೋಪಿದ್ದ ಸ್ಥಳವೇ ತ್ರಾಂಬ್ಲೇ. ಹಲಸಿನಿಂದ ಹಲಸೂರು, ಬೇವಿನಿಂದ ಬೇವೂರು ಆದಂತೆಯೇ ಇದು ಮೊದಲು ಸ್ಥಳದ ಹೆಸರಾಗಿ, ಆಮೇಲೆ ಅಲ್ಲಿಂದ ಬಂದವರ ಹೆಸರಾಯಿತು.

ಉತ್ತರ: ನದಿಯಂಚು

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಫ್ರಾನ್ಸಿನಲ್ಲಿ ಈ ಹೆಸರಿನ ಸ್ಥಳಗಳು ಅನೇಕ; ಪ್ಯಾರಿಸ್‌ನ ವಿಮಾನ ನಿಲ್ದಾಣದ ಬಳಿ ಒಂದು, ಬ್ರಿಟನಿಯಲ್ಲಿ ಮತ್ತೊಂದು. ಆದ್ದರಿಂದ ಫ್ರಾನ್ಸಿನಲ್ಲಿರುವ ತ್ರಾಂಬ್ಲೇಗಳು ಒಂದೇ ವಂಶದವರಾಗಬೇಕಿಲ್ಲ. ಅಲ್ಲಿಗೆ ತಮ್ಮ ಪಾಟೀಲರ ಮಾತೇ ಅನ್ವಯಿಸುತ್ತದೆ. ಕೆಬೆಕ್‌ನಲ್ಲಿ ಮಾತ್ರ ಹೆಸರೂ ವಂಶವೂ ಒಂದಾದದ್ದು, ಬಂದು ನೆಲೆಸಿದವರೇ ಕಡಿಮೆಯಾಗಿದ್ದರಿಂದ. 1760ರ ಹೊತ್ತಿಗೆ ಅಲ್ಲಿ ಬೇರೂರಿದ ಫ್ರೆಂಚ್ ವಲಸಿಗರು ಸುಮಾರು ಹತ್ತು ಸಾವಿರ ಮಂದಿ ಮಾತ್ರ.

ಸೇಂಟ್ ಲಾರೆನ್ಸ್ ನದಿಯ ದಂಡೆಯನ್ನು ಹಿಡಿದು ಈ ಮನೆತನ ಪೂರ್ವಕ್ಕೆ, ಶಾರ್ಲೆವ್ವಾ ಸೀಮೆಗೆ ಹಬ್ಬಿತು. ಅಲ್ಲಿ ಬೆಟ್ಟಕ್ಕೂ ನದಿಗೂ ನಡುವೆ ಉಳಿಯುವುದು ಕಿರಿದಾದ ಪಟ್ಟಿಯಷ್ಟೇ ಭೂಮಿ. ತಲೆಮಾರು ತಲೆಮಾರಿಗೂ ಮನೆಗಳು ಹೆಚ್ಚಿ, ಪಾಲಿಗೆ ಬರುವ ಹೊಲವೇ ಇಲ್ಲವೆನ್ನುವ ಸ್ಥಿತಿ ಬಂದಾಗ, ಲಾ ಮಾಲ್ಬೆ ಊರಿನವರು ‘ಇಪ್ಪತ್ತೊಂದು ಜನರ ಸಂಘ’ ಕಟ್ಟಿಕೊಂಡು 1838ರಲ್ಲಿ ದೋಣಿಯೇರಿ ಸಾಗ್ನೆಯ ಕಾಡಿಗೆ ಹೋದರು. ಆ ಸಂಘದ ಮುಂದಾಳು ಅಲೆಕ್ಸಿ ತ್ರಾಂಬ್ಲೇ, ‘ಪಿಕೋತೆ’ ಎಂಬ ಉಪನಾಮದವನು. ಪಿಕೋತ್ ಎಂದರೆ ಅಲ್ಲಿಯ ಮಾತಿನಲ್ಲಿ ಸಿಡುಬು. ಪಿಕೋತೆ ಎಂದರೆ ಮುಖದ ಮೇಲೆ ಸಿಡುಬಿನ ಕಲೆಯುಳ್ಳವನು. ಒಂದೇ ಹೆಸರಿನ ಹತ್ತಾರು ಮನೆಗಳಿರುವ ಊರಿನಲ್ಲಿ ಇಂಥ ಉಪನಾಮವಿಲ್ಲದೆ ಯಾರನ್ನು ಕರೆದರೆಂಬುದೇ ತಿಳಿಯುತ್ತಿರಲಿಲ್ಲ. ತಮ್ಮ ಮನೆಯೊಡತಿಯ ಹಿರಿಯರೂ ಬಹುಶಃ ಹೀಗೆ ಶಾರ್ಲೆವ್ವಾದಿಂದ ಸಾಗ್ನೆಗೆ ಹೋದವರೇ ಇರಬೇಕು.

ಉತ್ತರ: ಡೆಟ್ರಾಯಿಟ್ ವಾಸಿ

ಟ್ರಾಂಬ್ಲಿಯ ವಿಚಾರ ಹೇಳುತ್ತೇನೆ. ಮಿಷಿಗನ್‌ನ ಡೆಟ್ರಾಯಿಟ್ ಫ್ರೆಂಚರ ಕೋಟೆಯಾಗಿದ್ದುದರಿಂದ ಈ ಮನೆತನದ ಕೆಲವರು ಹದಿನೆಂಟನೆಯ ಶತಮಾನದಲ್ಲಿಯೇ ಇಲ್ಲಿಗೆ ಬಂದಿದ್ದರು. ದೊಡ್ಡ ವಲಸೆ ನಡೆದದ್ದು ಆಮೇಲೆ: 1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ, ಅದರಲ್ಲೂ ಅಲ್ಲಿನ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರುಗಳಿಗೆ ಹೋದರು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಕೇಳಿಸಿದಂತೆ ಹೆಸರು ಬರೆದುಕೊಂಡರು. ತ್ರಾಂಬ್ಲೇ ಟ್ರಾಂಬ್ಲಿಯಾದದ್ದು ಹಾಗೆ. ಕೆಲವು ಮನೆತನಗಳ ಹೆಸರಂತೂ ಅನುವಾದವೇ ಆಗಿ, ಲೆಬ್ಲಾಂ ವೈಟ್ ಆಯಿತು, ಬ್ವಾವೆರ್ ಗ್ರೀನ್‌ವುಡ್ ಆಯಿತು.

ಆದರೆ ಹೆಸರಿನ ಹೋಲಿಕೆ ಪುರಾವೆಯಲ್ಲ. ಕೆಬೆಕ್‌ನ ಚರ್ಚಿನ ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆತಾಯಿಯ ಹೆಸರನ್ನೂ ಬರೆಯುವ ರೂಢಿ ಇತ್ತು. ತಾಯಿಯ ಹೆಸರೂ ಅವಳ ತವರಿನದೇ. ಹೀಗಾಗಿ ಒಂದು ಮದುವೆಯಿಂದ ಅದರ ಹಿಂದಿನ ಮದುವೆಗೆ ಮೆಟ್ಟಿಲಿಳಿದಂತೆ ಇಳಿಯಬಹುದು. ಅಮೆರಿಕದ ಕಾಗದಗಳಲ್ಲಿ ಹೆಣ್ಣುಮಕ್ಕಳಿಗೆ ಗಂಡನ ಹೆಸರೇ ಅಂಟಿಕೊಳ್ಳುವುದರಿಂದ ಜಾಡು ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ತಮ್ಮ ಸಹೋದ್ಯೋಗಿ ಗಡಿ ದಾಟುವ ಮೊದಲಿನ ಕೊನೆಯ ಮದುವೆ ಯಾವ ಚರ್ಚಿನಲ್ಲಿ ಆಯಿತೆಂಬುದನ್ನು ಮೊದಲು ಹುಡುಕಲಿ. ಮುಂದಿನ ಕೆಲಸ ಸುಲಭ.

ಮಾಂಟ್ರಿಯಲ್ ಕನ್ನಡಿಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಉತ್ತರಗಳನ್ನು ಮನೆಯೊಡತಿಗೆ ಓದಿ ಹೇಳಿದಾಗ ಅವರು ಒಳಗಿನಿಂದ ನೀಲಿ ರಟ್ಟಿನ ಒಂದು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಪುಟಕ್ಕೊಂದು ಮದುವೆ: ದಿನಾಂಕ, ಚರ್ಚು, ನಾಲ್ವರು ತಂದೆತಾಯಂದಿರು. ತಂದೆಯ ಕಡೆಯಿಂದ ಹಿಂದಕ್ಕೆ ಹೋದರೆ ಮೂಲಪುರುಷ ಪಿಯೆರ್‌ನ ಮಗ ಲೂಯಿ. ತಾಯಿಯೂ ಹುಟ್ಟಿನಿಂದ ತ್ರಾಂಬ್ಲೇ, ಆ ಕಡೆಯಿಂದ ಹೋದರೆ ಇನ್ನೊಬ್ಬ ಮಗ ಮಿಶೆಲ್. ನಡುವೆ ಒಂದು ಪುಟದಲ್ಲಿ ಮುತ್ತಜ್ಜಿಯ ತಂದೆತಾಯಿಯ ಜಾಗ ಮಾತ್ರ ಖಾಲಿ ಇದೆ. ಆ ಮದುವೆ ನಡೆದದ್ದು ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ. ಆ ಊರಿನ ಫ್ರೆಂಚ್ ಚರ್ಚುಗಳ ಹಳೆಯ ದಾಖಲೆಗಳನ್ನು ನೋಡಿ ಬಳಕೆಯಿರುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಮನೆಯೊಡತಿಗೀಗ ಎಂಬತ್ತೊಂದು ವರ್ಷ.